ಭಾವಿ ಕಾರ್ಪೊರೇಟರ್

ಬೆಂಗಳೂರಿನ ಬಡಾವಣೆಗಳಲ್ಲಿ ನೆಲೆಸಿರುವ ಸಾರ್ವಜನಿಕ ವ್ಯಕ್ತಿಗಳನ್ನು ವರ್ಗೀಕರಿಸಲು ಹೊರಡುವ ಯಾವ ಅಧ್ಯಯನಕಾರನೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳನ್ನು ಬಿಟ್ಟು ಮುಂದೆ ಹೋಗಲಾರ. ಹೋಗಲು ಯತ್ನಿಸಿದರೂ ಕಾರ್ಯದರ್ಶಿಗಳು ಆತನನ್ನು ಬಿಡಲಾರರು. ಈ ವರ್ಗದವರು ಸಾಮಾನ್ಯವಾಗಿ ಬ್ಯಾಂಕಿನಿಂದಲೋ ಸಾರ್ವಜನಿಕ ಉದ್ದಿಮೆಯಿಂದಲೋ ನಿವೃತ್ತರಾದವರು, ಬೆಳಗಿನ ವಾಯುವಿಹಾರವನ್ನು ಸ್ಥಳ ತನಿಖೆಯಾಗಿ ಮಾರ್ಪಡಿಸಿಕೊಂಡವರು, ರಸ್ತೆಯಲ್ಲಿ ಗುಂಡಿ ಕಂಡಾಗ ಉಳಿದವರಂತೆ ಶಪಿಸಿ ದಾಟಿಹೋಗದೆ ಅದರ ಉದ್ದ, ಅಗಲ, ಆಳಗಳನ್ನು ಅಳೆದು, ಚಿತ್ರ ತೆಗೆದು, ಪಾಲಿಕೆಯ ‘ಸಹಾಯ’ ಎಂಬ ದೂರು ವ್ಯವಸ್ಥೆಗೆ ಸಲ್ಲಿಸಿ, ದೂರಿನ ಸಂಖ್ಯೆಯನ್ನು ಮೊಮ್ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುವವರು. ಇವರಿಂದ ನಗರಕ್ಕೆ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಇಲ್ಲಿ ಪರಿಶೀಲಿಸಬೇಕಾಗಿರುವುದು ಆ ಉಪಕಾರವನ್ನಲ್ಲ, ಅದನ್ನು ಮತಗಳನ್ನಾಗಿ ಪರಿವರ್ತಿಸಬಹುದೆಂದು ಕಾರ್ಯದರ್ಶಿಗಳಿಗೆ ಹೊಳೆದ ಗಳಿಗೆಯಿಂದ ಅವರು ತಾಳುವ ರೂಪವನ್ನು.

ತಾವು ಪ್ರವೇಶಿಸಬಯಸುವ ಸಂಸ್ಥೆಯ ವಂಶಾವಳಿ ಅವರಿಗೆ ಕಂಠಪಾಠವಾಗಿರುತ್ತದೆ. 1862ರಲ್ಲಿ ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿಗಳು ಹುಟ್ಟಿದ್ದು, 1949ರಲ್ಲಿ ಅವೆರಡೂ ಕೂಡಿ ಕಾರ್ಪೊರೇಷನ್ ಆದದ್ದು, 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಹಾಗೂ ನೂರಕ್ಕೆ ಮಿಕ್ಕ ಹಳ್ಳಿಗಳನ್ನು ಒಳಗೆ ಹಾಕಿಕೊಂಡು ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎನ್ನಿಸಿಕೊಂಡದ್ದು, ಇಷ್ಟನ್ನೂ ಅವರು ಮನೆ ಮುಂದಿನ ಬೀದಿದೀಪ ಉರಿಯುತ್ತಿಲ್ಲವೆಂದು ಹೇಳಲು ಬಂದ ನೆರೆಯವರಿಗೆ ನಿಂತ ನಿಲುವಿನಲ್ಲಿ ವಿವರಿಸಬಲ್ಲರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಅಂದರೆ ನಗರಾಡಳಿತಕ್ಕೆ ಸಾಂವಿಧಾನಿಕ ಸ್ಥಾನ ಕೊಟ್ಟು ಅದಕ್ಕೆ ಐದು ವರ್ಷಗಳ ಅವಧಿಯನ್ನು ಗೊತ್ತುಪಡಿಸಿದ ಶಾಸನ, ಅವರ ಮಾತಿನಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಬರುತ್ತದೆ. ನೆರೆಯವರು ಕತ್ತಲಲ್ಲೇ ಮನೆಗೆ ಮರಳುತ್ತಾರೆ.

ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪಟ್ಟಣಗಳಲ್ಲಿ ವಾರ್ಡುಗಳ ಮಟ್ಟದಲ್ಲಿ ಸಮಿತಿಗಳಿರಬೇಕೆಂದು ಇದೇ ತಿದ್ದುಪಡಿ ವಿಧಿಸಿದ್ದು, ಬೆಂಗಳೂರಿನಲ್ಲಿ ಅವು ಕಾಗದದಿಂದ ಕೆಳಗಿಳಿಯಲು ನಾಗರಿಕ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸೇರುವ ಪದ್ಧತಿ ಬಂದ ಮೇಲೆ ಕಾರ್ಯದರ್ಶಿಗಳ ಪಂಚಾಂಗದಲ್ಲಿ ಏಕಾದಶಿಯ ಸ್ಥಾನವನ್ನು ಆ ಶನಿವಾರ ಪಡೆದುಕೊಂಡಿತು. ಸಭೆಗೆ ಬರುವ ಅಧಿಕಾರಿಗಳು ಕಾರ್ಯದರ್ಶಿಗಳು ಕಾಣಿಸಿಕೊಂಡೊಡನೆ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಳ್ಳುತ್ತಾರೆ; ಅವರು ಮಾತ್ರ ಹಿಂದಿನ ಸಭೆಯ ನಡವಳಿಯನ್ನು ಓದಿಸಿಯೇ ತೀರುತ್ತಾರೆ.

ಇವರ ನಿಜವಾದ ಸಾಹಿತ್ಯಕೃಷಿಯೆಂದರೆ ಮಾಹಿತಿ ಹಕ್ಕಿನ ಅರ್ಜಿ. 2005ರ ಕಾಯ್ದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದವನಿಗೆ 30 ದಿನಗಳೊಳಗೆ ಉತ್ತರ ಸಿಗಬೇಕು. ಆದರೆ ಕರ್ನಾಟಕದ ನಿಯಮಗಳು ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದೆಂದು ಕಟ್ಟಳೆ ಮಾಡಿವೆ. ಪ್ರಜಾಪ್ರಭುತ್ವವಾದಿಗಳು ಈ ಮಿತಿಯನ್ನು ಖಂಡಿಸುವುದು ನ್ಯಾಯವೇ. ಆದರೂ ಕಾರ್ಯದರ್ಶಿಗಳ ಬರವಣಿಗೆಗೆ ಜೀವಮಾನದಲ್ಲಿ ಬಿದ್ದ ಏಕೈಕ ಕಡಿವಾಣ ಇದೆಂಬುದನ್ನು ಬಲ್ಲ ನೆರೆಹೊರೆಯವರು ನಿಯಮ ಮಾಡಿದವರ ಮೇಲೆ ಅಷ್ಟಾಗಿ ಸಿಟ್ಟಾಗುವುದಿಲ್ಲ.

ಚುನಾವಣೆಗೆ ನಿಲ್ಲಬೇಕೆಂಬ ಬಯಕೆ ಇಂಥವರಲ್ಲಿ ಒಮ್ಮೆಲೇ ಹುಟ್ಟುವುದಿಲ್ಲ; ಯಾವುದೋ ಒಂದು ಗೆಲುವು ಅದಕ್ಕೆ ಬೀಜವಾಗಿರುತ್ತದೆ. ಅನೇಕರ ಪಾಲಿಗೆ ಆ ಗೆಲುವೆಂದರೆ ಸರ್ಕಾರದ ಯಾವುದೋ ಒಂದು ಯೋಜನೆಯ ವಿರುದ್ಧ ನಡೆದ ಮಾನವ ಸರಪಳಿ. ಸಾವಿರಾರು ಜನ ‘ಬೇಡ’ ಎಂದು ಕೈ ಕೈ ಹಿಡಿದು ನಿಂತರು, ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಬೇಡವೆನ್ನುವುದಕ್ಕೆ ಸೇರಿದ ಜನ ಬೇಕೆನ್ನುವುದಕ್ಕೂ ಸೇರುತ್ತಾರೆಂಬ ಊಹೆ ಕಾರ್ಯದರ್ಶಿಗಳ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ‘ನೀವೇ ಯಾಕೆ ನಿಲ್ಲಬಾರದು ಸಾರ್?’ ಎಂದು ಬರೆಯುತ್ತಾರೆ. ಚರ್ಚೆಯನ್ನು ಮುಗಿಸುವ ಉದ್ದೇಶದಿಂದ ಬರೆದ ಆ ಮಾತನ್ನು ಕಾರ್ಯದರ್ಶಿಗಳು ಜನಾದೇಶವೆಂದು ಸ್ವೀಕರಿಸುತ್ತಾರೆ, ಅದರ ಕೆಳಗೆ ಬಂದ ಹೆಬ್ಬೆರಳಿನ ಚಿಹ್ನೆಗಳನ್ನು ಎಣಿಸಿ, ಪ್ರತಿ ಮನೆಗೆ ನಾಲ್ಕು ಮತಗಳಂತೆ ಗುಣಿಸುತ್ತಾರೆ.

ಮೊದಲು ಸಿದ್ಧವಾಗುವುದು ಪ್ರಣಾಳಿಕೆ. ಅನುಬಂಧ, ನಕ್ಷೆ, ಕಲಂಗಳ ಉಲ್ಲೇಖಗಳಿಂದ ಕೂಡಿದ ಈ ದಪ್ಪ ಗ್ರಂಥದಲ್ಲಿ ಹಸಿ ಕಸ, ಒಣ ಕಸ ಮತ್ತು ಸ್ಯಾನಿಟರಿ ಕಸಗಳ ವಿಂಗಡಣೆಗೇ ಒಂದು ಅಧ್ಯಾಯವಿದ್ದು, ಎರಡು ಬುಟ್ಟಿ, ಒಂದು ಚೀಲ ಇಡುವ ಪದ್ಧತಿಯ ಹಿನ್ನೆಲೆ ಮುನ್ನೆಲೆಗಳೆರಡೂ ಅದರಲ್ಲಿ ದೊರೆಯುತ್ತವೆ. ಇದನ್ನು ಪೂರ್ತಿ ಓದಿದವರೆಂದರೆ ಕರಡಚ್ಚು ತಿದ್ದಿದ ಅಳಿಯ ಒಬ್ಬರೇ.

ನಿಜವಾದ ತೊಡಕು ಮನೆ ಮನೆಗೆ ಹೋಗುವ ಹಂತದಲ್ಲಿ ಎದುರಾಗುತ್ತದೆ. ಬೆಂಗಳೂರಿನ ಒಂದು ವಾರ್ಡೆಂದರೆ ಬಡಾವಣೆಯಷ್ಟೇ ಅಲ್ಲ. ಬಡಾವಣೆ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಇದ್ದ ಹಳ್ಳಿ, ಆ ಹಳ್ಳಿಯ ಗುಂಡುತೋಪು ಇದ್ದಲ್ಲಿ ಎದ್ದ ವಠಾರಗಳು, ಕೊಳಗೇರಿ, ಗೇಟಿನೊಳಗಿನ ಅಪಾರ್ಟ್‌ಮೆಂಟುಗಳು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಕಾರ್ಯದರ್ಶಿಗಳು ಹಳ್ಳಿಯೊಳಗೆ ಈ ಮೊದಲು ಕಾಲಿಟ್ಟದ್ದು ಒಂದೇ ಸಲ, ರಾಜಕಾಲುವೆಯ ಒತ್ತುವರಿಯನ್ನು ಗುರುತಿಸುವ ಸಂದರ್ಭದಲ್ಲಿ. ರಾಜಕಾಲುವೆಯೆಂದರೆ ಒಂದು ಕೆರೆಯ ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯುತ್ತಿದ್ದ, ಈಗ ಮಳೆನೀರಿನ ಜೊತೆ ಮಿಕ್ಕೆಲ್ಲವನ್ನೂ ಒಯ್ಯುವ ಹಿರಿಯ ಕಾಲುವೆ. ಅದರ ಮೇಲೆ ಕಟ್ಟಿದ ಕಟ್ಟಡಗಳ ಪಟ್ಟಿಯನ್ನು ಅವರು ಸರ್ವೆ ನಂಬರುಗಳ ಸಮೇತ ಲೋಕಾಯುಕ್ತಕ್ಕೆ ಕೊಟ್ಟಿದ್ದರು. ಇಂದು ಕೈ ಮುಗಿದುಕೊಂಡು ಬಂದು ನಿಂತಿರುವ ಬಾಗಿಲು ಆ ಪಟ್ಟಿಯಲ್ಲಿ ಮೂರನೆಯದೆಂಬುದು ಅವರಿಗೂ ನೆನಪಿದೆ, ಬಾಗಿಲು ತೆರೆದವರಿಗೂ ನೆನಪಿದೆ. ಗೊತ್ತಿಲ್ಲದ್ದು ಕರಪತ್ರ ಹಿಡಿದು ಜೊತೆಗೆ ಬಂದ ಕಾಲೇಜು ಹುಡುಗನಿಗೆ ಮಾತ್ರ.

ಮುಂದಿನ ಬೀದಿಯಲ್ಲಿರುವವು ಬಿ ಖಾತೆಯ ಮನೆಗಳು, ಅಂದರೆ ನಿಯಮಬದ್ಧವಲ್ಲದಿದ್ದರೂ ತೆರಿಗೆ ವಸೂಲಿಗಾಗಿ ಪಾಲಿಕೆ ಪ್ರತ್ಯೇಕ ವಹಿಯಲ್ಲಿ ನಮೂದಿಸಿಕೊಂಡಂಥವು. ಅವುಗಳ ಮೂರನೆಯ ಅಂತಸ್ತಿನ ಬಗ್ಗೆ ಕಾರ್ಯದರ್ಶಿಗಳು ಬರೆದ ಪತ್ರದ ನಕಲು ಮಾಲೀಕರ ಕಪಾಟಿನಲ್ಲಿ ಭದ್ರವಾಗಿದೆ. ತಳ್ಳುಗಾಡಿಯ ಸೊಪ್ಪಿನವರನ್ನು ಪಾದಚಾರಿ ಮಾರ್ಗದಿಂದ ಎಬ್ಬಿಸಿದವರೂ ಅವರೇ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಆ ವ್ಯಾಪಾರಿಗಳಿಗೂ ಹಕ್ಕು ಕೊಟ್ಟಿದೆಯೆಂಬುದು ಅವರಿಗೆ ಗೊತ್ತಾದದ್ದು ನಾಮಪತ್ರ ಸಲ್ಲಿಸಿದ ಮೇಲೆ. ಕಪ್ಪು ಚುಕ್ಕೆ, ಎಂದರೆ ಜನ ರಾತ್ರಿ ಕದ್ದು ಕಸ ಸುರಿಯುವ ಮೂಲೆ, ಅಲ್ಲಿ ಕ್ಯಾಮೆರಾ ಹಾಕಿಸಿ ಸಿಕ್ಕಿಬಿದ್ದವರ ಚಿತ್ರಗಳನ್ನು ಗುಂಪಿನಲ್ಲಿ ಹಂಚಿದ್ದರಿಂದ ಬಡಾವಣೆಯೊಳಗೇ ಹನ್ನೊಂದನೆಯ ಅಡ್ಡರಸ್ತೆ ಪೂರ್ತಿಯಾಗಿ ಕೈತಪ್ಪಿತು. ಬೀದಿನಾಯಿಗಳ ವಿಷಯದಲ್ಲಿ ಅನ್ನ ಹಾಕುವವರಿಗೂ ಹಾಕಬಾರದೆನ್ನುವವರಿಗೂ ನ್ಯಾಯಾಲಯದ ಆದೇಶಗಳನ್ನು ಸಮವಾಗಿ ಓದಿ ಹೇಳಿದ್ದರಿಂದ ಎರಡು ಪಂಗಡಗಳೂ ಅವರ ಮೇಲಿನ ಕೋಪದಲ್ಲಿ ಒಂದಾದವು. ಹತ್ತು ವರ್ಷಗಳ ನಿಸ್ವಾರ್ಥ ದುಡಿಮೆಯಿಂದ ಅವರು ಗಳಿಸಿದ ದೂರುಗಳ ಕಡತವನ್ನು ಯಾರಾದರೂ ಮತಗಟ್ಟೆವಾರು ಜೋಡಿಸಿದ್ದರೆ ಫಲಿತಾಂಶಕ್ಕಾಗಿ ಎಣಿಕೆಯ ದಿನದವರೆಗೆ ಕಾಯುವ ಅಗತ್ಯವಿರಲಿಲ್ಲ. ಅವರು ಮಾಡಿದ ದೂರುಗಳಲ್ಲಿ ಒಂದೂ ಸುಳ್ಳಲ್ಲ, ತೊಡಕಿರುವುದೂ ಅಲ್ಲಿಯೇ.

ಪ್ರತಿಸ್ಪರ್ಧಿಯಾದ ಮಾಜಿ ಕಾರ್ಪೊರೇಟರ್‌ಗೆ 74ನೆಯ ತಿದ್ದುಪಡಿಯೂ 73ನೆಯದೂ ಒಂದೇ. ಆದರೆ ಯಾರ ಮನೆಯ ಮಗಳನ್ನು ಯಾವ ಊರಿಗೆ ಕೊಟ್ಟಿದೆ, ಯಾರ ತಾಯಿ ಯಾವ ಆಸ್ಪತ್ರೆಯಲ್ಲಿದ್ದಾರೆ, ಯಾರ ಗಣೇಶನಿಗೆ ಪೆಂಡಾಲು ಸಾಲದೆ ಬಂತು, ಇವೆಲ್ಲ ಅವರಿಗೆ ತಿಳಿದಿರುತ್ತದೆ. ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವುದನ್ನೂ ತಪ್ಪಿಸದ ಅವರು ಚರಂಡಿ ಕಟ್ಟಿಕೊಂಡ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುತ್ತಾರೆ, ಯಂತ್ರವನ್ನೂ ಕಳಿಸುತ್ತಾರೆ. ಅದೇ ಚರಂಡಿಯ ಗುತ್ತಿಗೆ ಭಾವಮೈದುನನದೆಂಬುದನ್ನು ಮತದಾರ ಬಲ್ಲ, ಬಲ್ಲನೆಂಬುದೇ ಕಾರ್ಯದರ್ಶಿಗಳಿಗೆ ಅರ್ಥವಾಗದ ಸಂಗತಿ. ಅವರು ಅದನ್ನು ದಾಖಲೆ ಸಮೇತ ಬಯಲಿಗೆಳೆದಾಗ ಜನ ತಲೆದೂಗುತ್ತಾರೆ, ಆಮೇಲೆ ಕೇಳುತ್ತಾರೆ: ‘ಹೌದು ಸಾರ್, ನೀವಾಗಿದ್ದರೆ ಎಷ್ಟು ಹೊತ್ತಿಗೆ ಕಳಿಸ್ತಿದ್ರಿ?’ ಕಾರ್ಯದರ್ಶಿಗಳು ಟೆಂಡರ್ ಪಾರದರ್ಶಕತೆಯ ಕಾಯ್ದೆಯನ್ನು ವಿವರಿಸಲಾರಂಭಿಸುತ್ತಾರೆ.

ಪಕ್ಷೇತರರಿಗಾಗಿ ಇರಿಸಿದ ಮುಕ್ತ ಚಿಹ್ನೆಗಳಲ್ಲಿ ಅವರ ಪಾಲಿಗೆ ಬರುವುದು ಆಟೋರಿಕ್ಷಾ. ಮೂಲೆಯ ಆಟೋ ನಿಲ್ದಾಣವನ್ನು ತೆರವುಗೊಳಿಸಿದ ಕೀರ್ತಿಯೂ ಅವರದೇ ಆಗಿರುವುದರಿಂದ ಚಾಲಕರು ಇದನ್ನು ಗೇಲಿಯೆಂದು ಭಾವಿಸುತ್ತಾರೆ. ಉಳಿದ ಆಶೆಯೆಲ್ಲ ಅಪಾರ್ಟ್‌ಮೆಂಟುಗಳ ಮೇಲೆ. ಅಲ್ಲಿನವರು ಅವರನ್ನು ಮೆಚ್ಚುವುದು ಸುಳ್ಳಲ್ಲ. ಆದರೆ ಮೆಚ್ಚಿದವರಲ್ಲಿ ಒಬ್ಬರ ಹೆಸರು ದಾವಣಗೆರೆಯ ಮತದಾರರ ಪಟ್ಟಿಯಲ್ಲಿ, ಇನ್ನೊಬ್ಬರದು ಪಟ್ನಾದಲ್ಲಿ, ಮೂರನೆಯವರದು ಎಲ್ಲಿಯೂ ಇಲ್ಲ. ಪಾಲಿಕೆಗೆ 2010ರಲ್ಲಿ ಮತದಾನವಾದದ್ದು ಭಾನುವಾರ, 2015ರಲ್ಲಿ ಶನಿವಾರ. ಎರಡು ಸಲವೂ ಮತ ಹಾಕಿದವರು ಪಟ್ಟಿಯ ಅರ್ಧಕ್ಕಿಂತ ಕಡಿಮೆ. ಉಳಿದರ್ಧ ಜನ ಎಲ್ಲಿದ್ದರೆಂದು ಕೊಡಗಿನ ಹೋಂಸ್ಟೇಗಳವರನ್ನು ಕೇಳಬಹುದು.

ಸೋಲು ಅವರನ್ನು ಕುಗ್ಗಿಸುವುದಿಲ್ಲ, ವಿಶ್ಲೇಷಣೆಗೆ ಹಚ್ಚುತ್ತದೆ. 2015ರ 198 ಸ್ಥಾನಗಳಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದು ಉಳಿದ 8 ಇತರರಿಗೆ ಹೋದುವೆಂಬ ಲೆಕ್ಕದಲ್ಲಿ ಅವರ ಕಣ್ಣಿಗೆ ಬೀಳುವುದು ಕೊನೆಯ ಅಂಕಿ ಮಾತ್ರ. ಮುಂದಿನ ಸಲಕ್ಕೆ ಸಿದ್ಧತೆ ಮರುದಿನವೇ ಆರಂಭವಾಗುತ್ತದೆ. ಆದರೆ ಮುಂದಿನ ಸಲವೆಂಬುದು ಬರಲಿಲ್ಲ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದು ಆಡಳಿತಾಧಿಕಾರಿಗಳ ಆಳ್ವಿಕೆ ಬಂತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಯು ವಿಧಿ ಹೇಳಿದ್ದರೂ 2025 ಕಳೆಯುವವರೆಗೆ ಅದು ನಡೆಯಲಿಲ್ಲ. ಅಷ್ಟರಲ್ಲಿ 198 ವಾರ್ಡುಗಳು 243 ಎಂದಾದುವು, 225 ಎಂದಾದುವು, ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಪಾಲಿಕೆಯೇ ಐದಾಗಿ ಒಡೆದು ವಾರ್ಡುಗಳು 350ನ್ನೂ ದಾಟಿದುವು. ಪ್ರತಿ ಸಲ ಕರಡು ಹೊರಬಿದ್ದಾಗಲೂ ಕಾರ್ಯದರ್ಶಿಗಳು ಆಕ್ಷೇಪಣೆ ಸಲ್ಲಿಸಿ, ನಕ್ಷೆಯನ್ನು ಹೊಸದಾಗಿ ಬರೆದು, ಪ್ರಣಾಳಿಕೆಯ ಅನುಬಂಧಗಳನ್ನು ತಿದ್ದಿದರು. ಒಂದು ಸಲವಂತೂ ಗಡಿ ಅವರ ರಸ್ತೆಯ ನಡುವೆಯೇ ಹಾದು, ಮನೆ ಒಂದು ವಾರ್ಡಿಗೂ ಎದುರಿನ ಗುಂಡಿ ಇನ್ನೊಂದಕ್ಕೂ ಸೇರಿತು.

ಈ ದೀರ್ಘ ಮುಂದೂಡಿಕೆಯನ್ನು ಅವರು ಬಹಿರಂಗವಾಗಿ ಪ್ರಜಾಪ್ರಭುತ್ವದ ಕಗ್ಗೊಲೆಯೆನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸೂಕ್ಷ್ಮವಾಗಿ ಗಮನಿಸಿದವರಿಗೆ, ರಾಜ್ಯೋತ್ಸವದ ಫ್ಲೆಕ್ಸಿನಲ್ಲಿ ತಮ್ಮ ಹೆಸರಿನ ಕೆಳಗೆ ‘ಭಾವಿ ಕಾರ್ಪೊರೇಟರ್’ ಎಂದು ಅಚ್ಚಾದದ್ದನ್ನು ನೋಡುವಾಗ ಅವರ ಮುಖದಲ್ಲೊಂದು ತೃಪ್ತಿ ಕಾಣುತ್ತದೆ. ಫ್ಲೆಕ್ಸು ನಿಷಿದ್ಧವೆಂದು ಹಿಂದೆ ದೂರು ಕೊಟ್ಟವರೂ ಅವರೇ ಆದ್ದರಿಂದ ಆ ತೃಪ್ತಿಯನ್ನು ಬೇಗನೆ ಮರೆಮಾಚುತ್ತಾರೆ. ಹಾಲಿ ಕಾರ್ಪೊರೇಟರಿಗೆ ರಾತ್ರಿ ಎರಡಕ್ಕೆ ಫೋನ್ ಬರುತ್ತದೆ. ಮಾಜಿಯನ್ನು ಜನ ಬೈಯುತ್ತಾರೆ. ಭಾವಿಗೆ ಈ ಎರಡು ಉಪದ್ರವಗಳೂ ಇಲ್ಲ.

ಕೊನೆಗೂ ವಾರ್ಡುವಾರು ಮೀಸಲಾತಿಯ ಪಟ್ಟಿ ಬರುವ ಮಾತು ಕೇಳಿಬಂದಾಗ ಹೊಸ ಚಿಂತೆ ಹುಟ್ಟುತ್ತದೆ. ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ತಮ್ಮ ವಾರ್ಡು ಆ ಅರ್ಧದಲ್ಲಿ ಬಿದ್ದರೆ ಗತಿಯೇನು? ಹೆಂಡತಿಯನ್ನು ನಿಲ್ಲಿಸಿ ಗಂಡ ಅಧಿಕಾರ ನಡೆಸುವ ಪದ್ಧತಿಯ ವಿರುದ್ಧ ಪತ್ರಿಕೆಗಳ ವಾಚಕರ ವಾಣಿಗೆ ಹಲವು ಪತ್ರ ಬರೆದಿದ್ದ ಕಾರ್ಯದರ್ಶಿಗಳು ಆ ಪದ್ಧತಿಯಲ್ಲಿ ಕೆಲವು ಸೂಕ್ಷ್ಮ ಭೇದಗಳಿರುವುದನ್ನು ಈಗ ಕಂಡುಕೊಳ್ಳುತ್ತಾರೆ. ವಿಚಿತ್ರವೆಂದರೆ ಅವರ ಪತ್ನಿಗೆ ಸೊಪ್ಪಿನವಳ ಮಗನ ಓದು ಎಲ್ಲಿಗೆ ಬಂತೆಂದು ಗೊತ್ತು, ಹಳ್ಳಿಯ ಮಾರಮ್ಮನ ಗುಡಿಯ ಪೂಜಾರಿಯ ಸೊಂಟನೋವು ಗೊತ್ತು, ಹನ್ನೊಂದನೆಯ ಅಡ್ಡರಸ್ತೆಯವರು ಈಗಲೂ ಅವರಿಗೆ ಹಪ್ಪಳ ಕಳಿಸುತ್ತಾರೆ. ವಿಷಯ ತಿಳಿದ ಆಟೋ ಚಾಲಕರು ‘ಅಮ್ಮಾವ್ರು ನಿಂತ್ರೆ ನಮ್ಮದೇನೂ ಅಡ್ಡಿಯಿಲ್ಲ’ ಎಂದು ತಾವಾಗಿಯೇ ಹೇಳಿ ಕಳಿಸುತ್ತಾರೆ. ಬಹಳ ದಿನ ಕೇಳಿಕೊಂಡ ಮೇಲೆ ಆಕೆ ಎರಡು ಷರತ್ತು ಹಾಕುತ್ತಾರೆ: ಪ್ರಚಾರಕ್ಕೆ ಹೋಗುವಾಗ ಯಜಮಾನರು ಜೊತೆಗೆ ಬರಕೂಡದು, ಪ್ರಣಾಳಿಕೆ ಒಂದೇ ಪುಟದಲ್ಲಿ ಮುಗಿಯಬೇಕು. ಮೊದಲನೆಯದಕ್ಕೆ ಕಾರ್ಯದರ್ಶಿಗಳು ಅಲ್ಲಿಯೇ ಒಪ್ಪಿಕೊಂಡು, ಎರಡನೆಯದನ್ನು ಪರಿಶೀಲಿಸಿ ಉತ್ತರಿಸಲು 30 ದಿನಗಳ ಕಾಲಾವಕಾಶ ಕೋರುತ್ತಾರೆ.