ಬೇಲೂರಿನವನ ತಿಮಿಂಗಿಲ

ಬೇಲೂರಿನಲ್ಲಿ ಹುಟ್ಟಿ, ಅಲ್ಲೇ ಕ್ಯಾಮೆರಾ ಹಿಡಿಯಲು ಕಲಿತವನಿಗೆ ಒಂದು ಕೆಟ್ಟ ಧೈರ್ಯ ಬಂದುಬಿಡುತ್ತದೆ. ಎದುರಿಗಿರುವುದು ಎಲ್ಲೂ ಓಡಿಹೋಗುವುದಿಲ್ಲ ಎಂಬ ಧೈರ್ಯ. ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ನಮ್ಮ ದರ್ಪಣ ಸುಂದರಿ ಇವತ್ತಿಗೂ ಕೈಯಲ್ಲಿನ ಕನ್ನಡಿ ಕೆಳಗಿಟ್ಟಿಲ್ಲ. ಇನ್ನೊಂದು ಕಡೆ ಕಲ್ಲಿನ ಹಲಸಿನ ಹಣ್ಣು, ಹಣ್ಣಿನ ಮೇಲೊಂದು ನೊಣ, ನೊಣಕ್ಕೆ ಹೊಂಚು ಹಾಕಿ ಕೂತ ಹಲ್ಲಿ. ಗೈಡುಗಳು ದಿನಕ್ಕೆ ಹತ್ತು ಸಲ ತೋರಿಸುತ್ತಾರೆ. ಆ ಹಲ್ಲಿ 900 ವರ್ಷದಿಂದ ಹಾರಿಲ್ಲ. ಬೆಳಕು ಸರಿಯಿಲ್ಲದಿದ್ದರೆ ನಾನು ಆಚೆ ಹೋಗಿ ಕಾಫಿ ಕುಡಿದು, ಪರಿಚಯದವರೊಂದಿಗೆ ಅರ್ಧ ಗಂಟೆ ಹರಟೆ ಹೊಡೆದು ಬಂದು ಕ್ಲಿಕ್ಕಿಸುತ್ತಿದ್ದೆ. ಹಲ್ಲಿಯೂ ಇರುತ್ತಿತ್ತು, ನೊಣವೂ ಇರುತ್ತಿತ್ತು.

ಇಂಥ ನನ್ನನ್ನು ಕೈಗಾದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಫೋನು ಮಾಡಿ ಕರೆದ. "ಮಾವ, ಕಾರವಾರಕ್ಕೆ ಬನ್ನಿ. ದೋಣೀಲಿ ಹೋಗಿ ಡಾಲ್ಫಿನ್ ನೋಡ್ಬಹುದು. ಅದೃಷ್ಟ ಇದ್ರೆ ತಿಮಿಂಗಿಲಾನೂ ಸಿಗ್ಬಹುದು."

ತಿಮಿಂಗಿಲ! ನಮ್ಮ ಕಡೆಯವರಿಗೆ ಆ ಪ್ರಾಣಿ ಗೊತ್ತಿರುವುದು ಅದರ ವಾಂತಿಯಿಂದ ಮಾತ್ರ. ಕೋಟಿಗಟ್ಟಲೆ ಬೆಲೆಯ ತಿಮಿಂಗಿಲ ವಾಂತಿ ಹಿಡಿದರು, ಮಾರಲು ಹೊರಟವರು ಸಿಕ್ಕಿಬಿದ್ದರು ಎಂದು ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ಅದೇ. ವಾಂತಿಗೇ ಇಷ್ಟು ಬೆಲೆ ಇರುವಾಗ ಇಡೀ ಪ್ರಾಣಿಯ ಫೋಟೊಕ್ಕೆ ಎಷ್ಟಿರಬೇಡ ಎಂದು ಲೆಕ್ಕ ಹಾಕಿಕೊಂಡೇ ನಾನು ಹಾಸನದಲ್ಲಿ ರಾತ್ರಿ ಪಂಚಗಂಗಾ ರೈಲು ಹತ್ತಿದ್ದು. ಸಮುದ್ರದ ಅಳುಕು ಇರಲಿಲ್ಲ. ದೋರಸಮುದ್ರ ಎಂದು ರಾಜಧಾನಿಗೆ ಹೆಸರಿಟ್ಟುಕೊಂಡ ಸೀಮೆಯವರು ನಾವು. ಆ ಸಮುದ್ರ ಎಂದರೆ ಹಳೇಬೀಡಿನ ಕೆರೆ ಎಂಬುದು ಬೇರೆ ಮಾತು.

ಕಾರವಾರದಲ್ಲಿ ಅಳಿಯ ಒಳ್ಳೆಯ ಏಸಿ ರೂಮು ಮಾಡಿಸಿದ್ದ. ಮೊದಲ ಪೆಟ್ಟು ಅಲ್ಲೇ ಬಿತ್ತು. ರಾತ್ರಿಯೆಲ್ಲ ತಣ್ಣಗೆ ಮಲಗಿದ್ದ ಕ್ಯಾಮೆರಾವನ್ನು ಬೆಳಗ್ಗೆ ಕಡಲ ಗಾಳಿಗೆ ತೆಗೆದದ್ದೇ ತಡ, ಲೆನ್ಸಿನ ಮೇಲೆ ಮಂಜು ಕೂತಿತು. ಒರೆಸಿದಷ್ಟೂ ಕೂರುತ್ತದೆ. ಕಾಳಿ ನದಿ ಸಮುದ್ರ ಸೇರುವ ಆ ಜಾಗ, ಆಚೆ ಸದಾಶಿವಗಡದ ಗುಡ್ಡ, ದೂರದಲ್ಲಿ ಕೂರ್ಮಗಡ ದ್ವೀಪ, ಎಲ್ಲವೂ ನನಗೆ ಡಿಸೆಂಬರಿನ ಮುಳ್ಳಯ್ಯನಗಿರಿಯ ಹಾಗೆ ಕಂಡವು. ರವೀಂದ್ರನಾಥ ಟ್ಯಾಗೋರರು 1883ರಲ್ಲಿ ಇಲ್ಲಿಗೆ ಬಂದು, ಈ ಕಡಲು ನೋಡಿ ನಾಟಕ ಬರೆದರಂತೆ. ಅವರ ಬಳಿ ಕ್ಯಾಮೆರಾ ಇರಲಿಲ್ಲ, ಬಚಾವಾದರು.

ದೋಣಿ ಚಿಕ್ಕದು. ಹನ್ನೊಂದು ಜನ, ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ನನ್ನ ಹೊಟ್ಟೆಗೆ ಜಾಕೆಟ್ಟು, ಜಾಕೆಟ್ಟಿನ ಮೇಲೆ ಕ್ಯಾಮೆರಾ. ಹಣೆಗೂ ವ್ಯೂಫೈಂಡರಿಗೂ ನಡುವೆ ಒಂದು ಗೇಣು ದೂರ. ದೋಣಿಯವರು ಮಾತು ಕಮ್ಮಿಯ ಮನುಷ್ಯ. "ತಿಮಿಂಗಿಲ ಎಲ್ಲಿ ಬರುತ್ತೆ?" ಎಂದು ಕೇಳಿದೆ. "ಅವು ದೂರ ಸರ, ಆಳದ ಕಡಲಲ್ಲಿ. ದಡಕ್ಕೆ ಬಂದರೆ ಸತ್ತೇ ಬರುವುದು ಹೆಚ್ಚು. ಇಲ್ಲಿ ಡಾಲ್ಫಿನ್ ಅಡ್ಡಿಲ್ಲ," ಎಂದರು. ಅರಬ್ಬಿ ಸಮುದ್ರದಲ್ಲಿ ನೀಲಿ ತಿಮಿಂಗಿಲವೂ ಉಂಟು, ಆದರೆ ಅದನ್ನು ನೋಡಬೇಕೆಂದು ಹೊರಟವರು ಶ್ರೀಲಂಕಾದ ಮಿರಿಸ್ಸಕ್ಕೆ ಹೋಗುತ್ತಾರೆ ಎಂದು ಅಳಿಯ ಆಗ ಬಾಯಿ ಬಿಟ್ಟ. ಇದನ್ನು ಅವನು ಫೋನಿನಲ್ಲೇ ಹೇಳಬಹುದಿತ್ತು.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಇಂಜಿನ್ನು ನಿಲ್ಲಿಸಿದರು. ಅಟ್ಟಿಸಿಕೊಂಡು ಹೋದರೆ ಅವು ಮುಳುಗಿಬಿಡುತ್ತವಂತೆ. ಸುಮ್ಮನಿದ್ದರೆ ತಾವಾಗಿಯೇ ಹತ್ತಿರ ಬರುತ್ತವಂತೆ. ಇಂಜಿನ್ನು ನಿಂತರೆ ಇನ್ನೊಂದು ಶುರುವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಓಡುವ ದೋಣಿ ಸಹ್ಯ. ನಿಂತ ದೋಣಿ ತೊಟ್ಟಿಲು. ಬೆಳಗ್ಗೆ ತಿಂದ ಬನ್ಸು ಹೊಟ್ಟೆಯಲ್ಲಿ ಎದ್ದು ನಿಂತಿತು. ಅಳಿಯ ನಿಂಬೆಹಣ್ಣು ಮೂಸಲು ಕೊಟ್ಟ. ತಿಮಿಂಗಿಲದ ವಾಂತಿಗೆ ಕೋಟಿ ಕೊಡುವ ಲೋಕದಲ್ಲಿ ನನ್ನದಕ್ಕೆ ಕಿಮ್ಮತ್ತು ಎಷ್ಟು ಎಂದು ಯೋಚಿಸುತ್ತಿರುವಾಗಲೇ ಕೂಗೆದ್ದಿತು: "ಅಲ್ಲಿ! ಬಲಕ್ಕೆ, ಬಲಕ್ಕೆ!"

ನಾನು ಬಲಕ್ಕೆ ತಿರುಗಿದೆ. ನೀರಿತ್ತು.

"ಎಡಕ್ಕೆ!" ಎಡಕ್ಕೆ ತಿರುಗಿದೆ. ಅಲ್ಲೂ ನೀರೇ. ಈ ಕರಾವಳಿಯ ಡಾಲ್ಫಿನ್ನಿಗೆ ಬೆನ್ನ ಮೇಲೆ ಒಂದು ಡುಬ್ಬ, ಡುಬ್ಬದ ಮೇಲೆ ಪುಟ್ಟ ಈಜುರೆಕ್ಕೆ. ಮೂಗಿನ ಹೊಳ್ಳೆ ನಡುನೆತ್ತಿಯಲ್ಲಿ. ಉಸಿರಿಗೆಂದು ಮೇಲೆ ಬಂದು ಪುಸ್ ಎಂದು ಬಿಟ್ಟು, ಒಂದೆರಡು ಕ್ಷಣ ಬೆನ್ನು ಬಾಗಿಸಿ ತೋರಿಸಿ ಹೋಗಿಬಿಡುತ್ತದೆ. ಪುಸ್ ಎಂಬ ಸದ್ದು ನನಗೆ ಕೇಳಿಸಿತು. ಸದ್ದಿನ ಕಡೆಗೆ ಕ್ಯಾಮೆರಾ ತಿರುಗಿಸಿ, ಫೋಕಸ್ ಮಾಡಿ, ಬೇಲೂರಿನ ಪದ್ಧತಿಯಂತೆ ಬೆಳಕು ನೋಡಿ, ಚೌಕಟ್ಟು ನೋಡಿ, ಉಸಿರು ಬಿಗಿಹಿಡಿದು ಒತ್ತುವ ಹೊತ್ತಿಗೆ ಅದು ಅಂಕೋಲೆಯ ಕಡೆ ಎಲ್ಲೋ ಇದ್ದಿರಬೇಕು. ಪಕ್ಕದ ಹುಡುಗಿ ಮೊಬೈಲಿನಲ್ಲಿ ಸುಮ್ಮನೆ ವಿಡಿಯೊ ಮಾಡುತ್ತ ಕೂತಿದ್ದಳು. ಎಲ್ಲವೂ ಅವಳಿಗೆ ಸಿಕ್ಕಿತು.

ಹಿಂದಿರುಗುವಾಗ ದೋಣಿಯಲ್ಲಿ ಯಾರು ಏನು ನೋಡಿದರು ಎಂಬ ಚರ್ಚೆಯಾಯಿತು. ಹುಬ್ಬಳ್ಳಿಯ ಅಜ್ಜರೊಬ್ಬರು ಉದ್ದ ಮೂತಿ ನೋಡಿದ್ದರು, ಥೇಟ್ ಮೊಸಳೆಯದಂತೆ. ಅವರ ಸೊಸೆಗೆ ಕಂಡದ್ದು ದಪ್ಪ ಮೈ, ಹಂದಿಯ ಹಾಗೆ ನುಣ್ಣಗೆ. ಒಬ್ಬ ಹುಡುಗ ಸೊಂಡಿಲಿತ್ತು ಎಂದು ಆಣೆ ಮಾಡಿದ. ಬಾಲವಷ್ಟೇ ನೋಡಿದವನೊಬ್ಬ ಎರಡೂ ಕೈ ಅಗಲಿಸಿ ತೋರಿಸಿದ. ನನಗೆ ತಲೆಯಲ್ಲಿ ದೀಪ ಹತ್ತಿತು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ. ಅದರ ಮೇಲೆ ಹಂಸಗಳಿಗಿಂತ ಕೆಳಗೆ ಒಂದು ಸಾಲು ಮಕರ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ ಎಂದು ಗೈಡುಗಳು ಏಳು ಪ್ರಾಣಿ ಎಣಿಸಿ ತೋರಿಸುವುದು ಇದನ್ನೇ. ಶಿಲ್ಪಿಯ ಕಲ್ಪನೆ ಎಂದು ಇಷ್ಟು ವರ್ಷ ನಂಬಿದ್ದೆ. ಕಲ್ಪನೆಯೂ ಇಲ್ಲ, ಎಂಥದ್ದೂ ಇಲ್ಲ. ಶಿಲ್ಪಿ ಪಾಪ ಗಟ್ಟದ ಮೇಲಿನವನು, ಕಡಲು ಕಂಡವನಲ್ಲ. ಒಂದೇ ದೋಣಿಯಲ್ಲಿ ಹೋಗಿ ಬಂದ ಏಳು ಜನರನ್ನು ಕೂರಿಸಿಕೊಂಡು ವಿಚಾರಿಸಿದ್ದಾನೆ. ಒಬ್ಬರ ಮಾತನ್ನೂ ತಳ್ಳಿಹಾಕದೆ ಕೆತ್ತಿದ್ದಾನೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಅವರನ್ನೊಮ್ಮೆ ದೋಣಿ ಹತ್ತಿಸಬೇಕು.

ರೂಮಿಗೆ ಬಂದು ನೋಡಿದರೆ ಒಟ್ಟು 412 ಫೋಟೊ. ಬರೀ ನೀರು 390ಕ್ಕೂ ಹೆಚ್ಚು. ಉಳಿದವುಗಳಲ್ಲಿ ಓರೆಯಾದ ದಿಗಂತ, ಅಜ್ಜರ ಟೊಪ್ಪಿಗೆ, ನನ್ನದೇ ಹೆಬ್ಬೆರಳು. ಒಂದರಲ್ಲಿ ಮಾತ್ರ ಕಪ್ಪಗಿನ ಬೆನ್ನು, ಅದರ ತುದಿಯಲ್ಲಿ ಒಂದು ಕಚ್ಚು ಬಿದ್ದ ರೆಕ್ಕೆ. ಬಿಸಾಡಲು ಹೊರಟಿದ್ದೆ. ಅಳಿಯ ತಡೆದ. ಸಂಶೋಧಕರು ಒಂದು ಡಾಲ್ಫಿನ್ನನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದೇ ಆ ರೆಕ್ಕೆಯ ಕಚ್ಚು, ಗಾಯದ ಗುರುತುಗಳಿಂದಂತೆ. ಮುಖ ಅವರಿಗೆ ಬೇಕಾಗಿಯೇ ಇಲ್ಲ. ಅಷ್ಟೇ ಅಲ್ಲ, ಪ್ರಾಣಿಶಾಸ್ತ್ರದ ಪ್ರಕಾರ ಡಾಲ್ಫಿನ್ನು ಹಲ್ಲಿರುವ ತಿಮಿಂಗಿಲಗಳ ಗುಂಪಿಗೇ ಸೇರಿದ್ದು ಎಂದೂ ಹೇಳಿದ. ಮೊದಲು ಮುಚ್ಚಿಟ್ಟದ್ದಕ್ಕೆ ಪ್ರಾಯಶ್ಚಿತ್ತವಿರಬೇಕು.

ಊರಿಗೆ ಬಂದವನು ತಿಮಿಂಗಿಲ ನೋಡಿ ಬಂದೆ ಎಂದೇ ಹೇಳಿದೆ. ಶಾಸ್ತ್ರ ನನ್ನ ಕಡೆಗಿದೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಸ್ವರ ತಗ್ಗಿಸಿ ಕೇಳಿದ, "ವಾಂತಿ ಏನಾದ್ರೂ ಸಿಕ್ತಾ ಸಾರ್?" ಸಿಕ್ಕಿದ್ದರೂ ಮಾರುವುದು ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ ಎಂದು ವಿವರಿಸಿದೆ. ಸಿಕ್ಕಿದೆ, ಬಚ್ಚಿಟ್ಟಿದ್ದಾನೆ ಎಂದೇ ಅವನು ತೀರ್ಮಾನಿಸಿದ.

ಆ ಫೋಟೊ ಈಗ ಕಟ್ಟು ಹಾಕಿಸಿಕೊಂಡು ನಮ್ಮ ಹಜಾರದಲ್ಲಿ ದರ್ಪಣ ಸುಂದರಿಯ ಪಕ್ಕ ತೂಗಾಡುತ್ತಿದೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ 'ತಿಮಿಂಗಿಲ, ಕಾರವಾರ' ಎಂದು ಬರೆಸಿದ್ದೇನೆ. ಬರೆಸುವುದಕ್ಕೆ ಮುಂಚೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಗಚಿ ಡ್ಯಾಮಿನಲ್ಲಿ ಯಾರ ಎಮ್ಮೆ ಇದು?