ಕೀಲುವಾತಕ್ಕೆ ವಿಟಮಿನ್: ಬಳಕೆದಾರರ ಕೈಪಿಡಿ

ಮಾನ್ಯ ಗ್ರಾಹಕರೇ, ವಿಟಮಿನ್ ಡಬ್ಬಿ ಕೊಂಡದ್ದಕ್ಕೆ ಅಭಿನಂದನೆಗಳು. ರುಮಟಾಯ್ಡ್ ಸಂಧಿವಾತ ಎಂದು ಡಾಕ್ಟರು ಹೇಳಿದ ದಿನವೇ ಬೀಗರು, ನೆರೆಯವರು, ವಾಟ್ಸ್‌ಆ್ಯಪ್ ಬಳಗದವರು ನಿಮಗೆ ಒಂದೊಂದು ಅಕ್ಷರ ಶಿಫಾರಸು ಮಾಡಿರುತ್ತಾರೆ. ಯಾರನ್ನೂ ನೋಯಿಸಬೇಡಿ, ಎಲ್ಲರಿಗೂ ಹೂಂ ಅನ್ನಿ.

ಮುಚ್ಚಳ ತೆರೆಯುವುದು: ಒತ್ತಿ ಹಿಡಿದು ತಿರುಗಿಸಿ. ಬೆಳಗಿನ ಹೊತ್ತು ಬೆರಳು ಮಡಚಲಾರದವರು ಮೊಮ್ಮಗನನ್ನು ಕರೆಯಿರಿ. ಮಕ್ಕಳ ಕೈಗೆ ಬಗ್ಗದಂತೆ ಮಾಡಿದ ಮುಚ್ಚಳವನ್ನು ಅವನೇ ಸಲೀಸಾಗಿ ತೆಗೆಯುತ್ತಾನೆ.

ಡಿ ವಿಟಮಿನ್: 60,000 ಯೂನಿಟ್ಟಿನ ಪುಡಿ, ವಾರಕ್ಕೊಮ್ಮೆ, ಅದೂ ಡಾಕ್ಟರು ಹೇಳಿದಷ್ಟೇ ವಾರ. ಹಾಲಿಗೆ ಹಾಕಿ ಕದಡಿ. ಅರ್ಧ ಪುಡಿ ಚಮಚಕ್ಕೇ ಅಂಟಿಕೊಳ್ಳುತ್ತದೆ, ನೆಕ್ಕಿ. ಒಳ್ಳೆಯದಲ್ಲವೇ ಎಂದು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು. ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವನ್ನು ಅಂಗಡಿಯವರು ನಿಮಗೆ ಖಂಡಿತ ಹೇಳುತ್ತಾರೆ: ಐದು ವರ್ಷ ದಿನಕ್ಕೆ 2,000 ಯೂನಿಟ್ ತೆಗೆದುಕೊಂಡವರಲ್ಲಿ ಸಂಧಿವಾತದಂಥ ಆಟೊಇಮ್ಯೂನ್ ಕಾಯಿಲೆಗಳು ಶೇ 22ರಷ್ಟು ಕಡಿಮೆ. ನಿಜವೇ. ಆದರೆ ಅಲ್ಲಿ ಎಣಿಸಿದ್ದು ಹೊಸದಾಗಿ ಬಂದ ಕಾಯಿಲೆಯನ್ನು. ನಿಮಗೆ ಬಂದಾಗಿದೆ.

ಸಿ, ಇ: ಇದ್ದರೆ ಇರಲಿ. ನೆಲ್ಲಿಕಾಯಿ ಉಪ್ಪಿನಕಾಯಿ ಇವಕ್ಕಿಂತ ರುಚಿ.

ಇನ್ನು ಜಾಹೀರಾತಿಲ್ಲದ ವಿಟಮಿನ್: ಫೋಲಿಕ್ ಆಮ್ಲ. ಸಂಧಿವಾತದ ಚೀಟಿಯಲ್ಲಿ ಗಟ್ಟಿ ಜಾಗ ಗಿಟ್ಟಿಸಿಕೊಂಡಿರುವುದು ಇದೊಂದೇ, ಅದೂ ಕಾಯಿಲೆಗಲ್ಲ, ಔಷಧಿಯ ಕಾಟಕ್ಕೆ. ಕೀಲು ಉಳಿಸುವ ಮೆಥೊಟ್ರೆಕ್ಸೇಟ್ ಇದೇ ವಿಟಮಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ; ಬಾಯಿಹುಣ್ಣು, ವಾಕರಿಕೆ ಶುರುವಾಗುತ್ತವೆ. ಅವನ್ನು ತಗ್ಗಿಸಲು ಫೋಲಿಕ್. ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗೆ. ತಮಾಷೆಯೆಂದರೆ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಚಿವುಟುವುದನ್ನೂ ತೂಗುವುದನ್ನೂ ತಯಾರಿಸಿತು.

ಎಚ್ಚರಿಕೆ (ಇಲ್ಲಿ ನಗಬೇಡಿ): ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಎಷ್ಟೋ ಕಂಪನಿಗಳಲ್ಲಿ ಇದೂ ಫೋಲಿಕ್ಕೂ ಎರಡೂ ಪುಟ್ಟ ಹಳದಿ ಗುಳಿಗೆಗಳೇ. ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ವಿಟಮಿನ್ ಇದೆಯಲ್ಲ ಎಂದು ಮೆಥೊಟ್ರೆಕ್ಸೇಟನ್ನು ನೀವಾಗಿಯೇ ನಿಲ್ಲಿಸಿದರೆ ಸವೆದ ಕೀಲು ಮರಳುವುದಿಲ್ಲ. ಅದರ ಸ್ಟ್ರಿಪ್ಪಿನ ಮೇಲೆ ದಪ್ಪಕ್ಷರದಲ್ಲಿ ನುಂಗುವ ದಿನದ ಹೆಸರು ಬರೆದಿಡಿ. ಪೆನ್ನು ಹಿಡಿಯಲಾಗದಿದ್ದರೆ ಮೊಮ್ಮಗನಿಂದಲ್ಲ, ಓದು ಬಲ್ಲ ದೊಡ್ಡವರಿಂದ ಬರೆಸಿ.