ಮೂಲೆಗೆ ಸ್ಪೀಕರ್ ಏರಿಸುವ ಮಹಾಶಯರಿಗೆ

ಹೋಮ್ ಥಿಯೇಟರ್ ಕೂರಿಸಿಕೊಡುವ ಸನ್ಮಾನ್ಯರೇ,

ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ತಾವು ಇದ್ದೀರಿ. ಆದ್ದರಿಂದ ಯಾರೊಬ್ಬರ ಹೆಸರನ್ನೂ ಎತ್ತದೆ ತಮ್ಮ ಇಡೀ ವೃತ್ತಿಬಾಂಧವರಿಗೆ ಈ ಪತ್ರ ಅರ್ಪಿಸುತ್ತಿದ್ದೇನೆ. ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಮೊದಲೇ ಇದ್ದವು. ಇನ್ನೆರಡು ಸೇರಿಸಿದರೆ ಸೆವೆನ್ ಪಾಯಿಂಟ್ ಒನ್ ಆಗುತ್ತದೆ ಎಂದು ತಾವೇ ಕೃಪೆಯಿಟ್ಟು ಹೇಳಿದಿರಿ. ಆ ಎರಡು ಎಲ್ಲಿ ಕೂರಬೇಕು ಎಂಬುದನ್ನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ತೀರ್ಮಾನಿಸಿಬಿಟ್ಟಿರಿ. ಇಷ್ಟು ಬೇಗ ಮುಗಿಸಿಕೊಟ್ಟಿದ್ದಕ್ಕೆ ನಾನು ಋಣಿ.

ತಮ್ಮ ಕೈಕೆಲಸದ ಅಚ್ಚುಕಟ್ಟನ್ನು ಮನಸಾರೆ ಮೆಚ್ಚುತ್ತೇನೆ. ವೈರು ಕಾಣದಂತೆ ಸ್ಕರ್ಟಿಂಗ್ ಗುಂಟ ಕೇಸಿಂಗ್ ಪಟ್ಟಿ ಹೊಡೆದಿರಿ, ಡ್ರಿಲ್ಲಿನ ಧೂಳನ್ನು ತಾವೇ ಗುಡಿಸಿದಿರಿ. ಆದರೆ ಪ್ರಭುಗಳೇ, ಪಟ್ಟಿ ಎಲ್ಲಿ ಸಲೀಸಾಗಿ ಮೇಲೆ ಹತ್ತಿತೋ ಅಲ್ಲೇ ಸ್ಪೀಕರ್ ಕೂಡ ಕೂತಿತು. ಸೋಫಾ ಒರಗಿದ ಗೋಡೆಯ ಎರಡು ಮೂಲೆಗಳು, ಮೋಲ್ಡಿಗೆ ಒಂದು ಗೇಣು ಕೆಳಗೆ. ಅಳತೆ ಪಟ್ಟಿ ಗೋಡೆಯನ್ನು ಮುಟ್ಟಿತು, ವೈರನ್ನು ಮುಟ್ಟಿತು. ಸೋಫಾದ ಹತ್ತಿರ ಮಾತ್ರ ಸುಳಿಯಲಿಲ್ಲ.

ತಮಗೆ ತಿಳಿಯದ್ದೇನಲ್ಲ, ಆದರೂ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಸ್ಪೀಕರ್ ಎಲ್ಲಿರಬೇಕೆಂಬ ಲೆಕ್ಕ ಶುರುವಾಗುವುದು ಕೂತವರ ತಲೆಯಿಂದ. ನೇರ ಎದುರಿಗಿರುವ ಟಿವಿ ಸೊನ್ನೆ ಡಿಗ್ರಿ ಎಂದಿಟ್ಟುಕೊಂಡರೆ, ಡಾಲ್ಬಿಯವರ ಮಾರ್ಗಸೂಚಿಯಂತೆ ಪಕ್ಕದ ಸ್ಪೀಕರ್‌ಗಳು 90ರಿಂದ 110 ಡಿಗ್ರಿಯೊಳಗೆ ಇರಬೇಕು, ಹಿಂದಿನವು 135ರಿಂದ 150ರೊಳಗೆ. ಎತ್ತರ ಹೆಚ್ಚುಕಡಿಮೆ ಕೂತವರ ಕಿವಿಯ ಮಟ್ಟ, ಎಂದರೆ ನೆಲದಿಂದ ಸುಮಾರು ನಾಲ್ಕು ಅಡಿ. 135 ಡಿಗ್ರಿ ಸಿಗಬೇಕಾದರೆ ಬೆನ್ನ ಹಿಂದೆ ಜಾಗ ಬೇಕು. ನಮ್ಮ ಸೋಫಾದ ಬೆನ್ನಿಗೆ ಗೋಡೆ. ಹಿಂದೆ ಎಂಬುದೇ ಇಲ್ಲದ ಹಾಲಿಗೆ ಹಿಂದಿನ ಸ್ಪೀಕರ್ ದಯಪಾಲಿಸಿದ ತಮ್ಮ ಔದಾರ್ಯವನ್ನು ಹೇಗೆ ಮರೆಯಲಿ?

ಹಿಂಜರಿಯುತ್ತಲೇ ಕೇಳಿದಾಗ ತಾವು ಕೊಟ್ಟ ಉತ್ತರ ಮನಸ್ಸಿನಲ್ಲಿ ಉಳಿದಿದೆ: 'ಥಿಯೇಟರಲ್ಲೂ ಮೇಲೇ ಇರುತ್ತಲ್ಲ ಸಾರ್?' ಇರುತ್ತದೆ, ನಿಜ. ಅಲ್ಲಿ ಕೂರುವವರು ನೂರಾರು ಜನ. ಗೋಡೆ ಪಕ್ಕದ ಸೀಟಿನವರ ಕಿವಿಗೇ ಶಬ್ದ ಅಪ್ಪಳಿಸಬಾರದು, ನಡುವಿನವರಿಗೂ ತಲುಪಬೇಕು ಎಂದು ಸಾಲುಸಾಲಾಗಿ ಹಲವು ಸ್ಪೀಕರ್ ಹಚ್ಚಿ ಎತ್ತರದಲ್ಲಿ ಇಟ್ಟಿರುತ್ತಾರೆ. ನಮ್ಮದು ಹನ್ನೆರಡಡಿ ಅಗಲದ ಹಾಲು, ಕೂರುವವರು ನಾಲ್ವರು. ಥಿಯೇಟರಿನ ಎತ್ತರವನ್ನು ಮನೆಗೆ ತಂದಿರಿ, ಅದರ ಕಾರಣವನ್ನು ಅಲ್ಲೇ ಬಿಟ್ಟುಬಂದಿರಿ.

ಈ ಕಾರಣಗಳಿಗೆ ಜೀವ ತೇಯ್ದವರಿದ್ದಾರೆ, ಮಹಾಶಯರೇ. 1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರಕ್ಕೆ ವಾಲ್ಟರ್ ಮರ್ಚ್ ಮತ್ತು ಸಂಗಡಿಗರು ಹಿಂಬದಿಯ ಶಬ್ದವನ್ನು ಎಡ, ಬಲ ಎಂದು ಬಿಡಿಸಿ, ಹೆಲಿಕಾಪ್ಟರ್ ಪ್ರೇಕ್ಷಕರ ಸುತ್ತ ತಿರುಗುವಂತೆ ಮಾಡಿದರು. 2012ರಲ್ಲಿ 'ಬ್ರೇವ್' ಚಿತ್ರದೊಂದಿಗೆ ಡಾಲ್ಬಿ ಆಟ್ಮೋಸ್ ಬಂತು, ಎರಡು ವರ್ಷದಲ್ಲಿ ಅದು ಮನೆಯ ರಿಸೀವರ್‌ಗೂ ಇಳಿಯಿತು. ಕಿವಿಯ ಮಟ್ಟದ ಶಬ್ದ ಬೇರೆ, ನೆತ್ತಿಯ ಮೇಲಿನ ಶಬ್ದ ಬೇರೆ ಎಂದು ಕೇಳುಗನಿಗೆ ಗೊತ್ತಾದರೆ ಮಾತ್ರ ಆಟ್ಮೋಸ್‌ಗೆ ಅರ್ಥ. ಪಕ್ಕದಲ್ಲಿರಬೇಕಾದ್ದನ್ನೂ ಚಾವಣಿಗೇರಿಸಿದರೆ ಮಳೆ ಸುರಿಯುವುದೂ ಅಲ್ಲಿಂದಲೇ, ಮನುಷ್ಯ ನಡೆದುಬರುವುದೂ ಅಲ್ಲಿಂದಲೇ.

ತಮ್ಮ ಸೇವೆಯ ಫಲವನ್ನು ಎಲ್ಲರಿಗಿಂತ ಹೆಚ್ಚು ಉಂಡವರು ನಮ್ಮ ಅಮ್ಮ. ಸೋಫಾದ ಬಲತುದಿ ಅವರ ಜಾಗ. ಬಲಮೂಲೆಯ ಸ್ಪೀಕರ್ ಅವರಿಗೆ ಐದಾರು ಅಡಿ, ಎಡಮೂಲೆಯದು ಅದರ ದುಪ್ಪಟ್ಟು ದೂರ. ಬಯಲಿನಲ್ಲಾದರೆ ದೂರ ದುಪ್ಪಟ್ಟಾದಾಗ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಅಷ್ಟು ಇಳಿಯದಿದ್ದರೂ ಹತ್ತಿರದ್ದೇ ಜೋರು. ಜೊತೆಗೆ ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ವಿವರಿಸಿದ ಸಂಗತಿಯೊಂದಿದೆ: ಒಂದೇ ಶಬ್ದ ಎರಡು ಕಡೆಯಿಂದ ಬಂದರೆ, ಮೊದಲು ತಲುಪಿದ ಕಡೆಯೇ ಅದರ ಮೂಲ ಎಂದು ಕಿವಿ ನಂಬುತ್ತದೆ. 'ಕಾಂತಾರ'ದ ಕೊನೆಯಲ್ಲಿ ದೈವದ ಕೂಗು ನಮಗೆಲ್ಲ ಮೈ ಜುಮ್ಮೆನಿಸುವಾಗ ಅಮ್ಮನಿಗೆ ಅದು ಫ್ರಿಡ್ಜಿನ ಮೇಲಿಂದ ಬಂತು. 'ಆ ಮೂಲೇದು ಅರಚ್ತಾ ಇರತ್ತೆ ಕಣೋ, ಅವರೇನು ಮಾತಾಡ್ತಾರೋ ಒಂದೂ ತಿಳಿಯಲ್ಲ' ಅನ್ನುತ್ತಾರೆ. ಈಗ ನಾವು ಸಿನಿಮಾ ಹಾಕಿದರೆ ಎದ್ದು ಒಳಗೆ ಹೋಗುತ್ತಾರೆ. ತಮ್ಮ ಎಲ್ಲ ಉಪಕಾರಗಳಲ್ಲಿ ನನಗೆ ತಡೆಯಲಾಗದ್ದು ಇದೊಂದೇ.

ರಿಸೀವರ್ ಜೊತೆ ಬಂದ ಪುಟ್ಟ ಮೈಕನ್ನು ತಾವು ಟೀಪಾಯಿಯ ಮೇಲೆ, ಪೇಪರಿನ ಪಕ್ಕದಲ್ಲಿ ಮಲಗಿಸಿದ್ದು ಕೂಡ ಕಣ್ಣಿಗೆ ಕಟ್ಟಿದಂತಿದೆ. ಅದು ಟೂಂಯ್ ಟೂಂಯ್ ಎಂದು ಒಂದೊಂದೇ ಸ್ಪೀಕರಿನ ದೂರ ಅಳೆಯಿತು, ತಾವು 'ಆಟೋ ಕ್ಯಾಲಿಬ್ರೇಷನ್ ಆಯ್ತು' ಎಂದು ಕೈ ಒರೆಸಿಕೊಂಡಿರಿ. ಶಬ್ದ ಒಂದಡಿ ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಆ ಲೆಕ್ಕದ ಮೇಲೆಯೇ ಯಂತ್ರ ಒಂದೊಂದಕ್ಕೂ ತಡ ಹೊಂದಿಸುವುದು. ಮೈಕು ಕೂತವರ ಕಿವಿ ಇರುವ ಜಾಗದಲ್ಲಿ, ಸ್ಟ್ಯಾಂಡಿನ ಮೇಲೆ ನಿಲ್ಲಬೇಕಿತ್ತು. ಇಷ್ಟಾಗಿ, ಆ ಯಂತ್ರ ಜೋರು ತಗ್ಗಿಸಬಲ್ಲದು, ತಡ ಸರಿಮಾಡಬಲ್ಲದು. ಗೋಡೆಗೆ ಮೊಳೆ ಹೊಡೆದ ಸ್ಪೀಕರನ್ನು ಸರಿಸಿ ಕೂರಿಸಲಾರದು. ಅಂದಹಾಗೆ, ಎಡಮೂಲೆಯ ಸ್ಪೀಕರಿಗೆ ಕೆಂಪು ವೈರು ಕಪ್ಪಿಗೆ, ಕಪ್ಪು ಕೆಂಪಿಗೆ ಸಿಕ್ಕಿತ್ತು. ಅದನ್ನು ನಾನೇ ಬದಲಿಸಿಕೊಂಡಿದ್ದೇನೆ, ತಮಗೆ ಶ್ರಮ ಬೇಡ.

ಈಗ ಪಾದಾರವಿಂದಗಳಲ್ಲಿ ಬೇಡಿಕೆ. ಮುಂದಿನ ಮನೆಗೆ ಹೋದಾಗ ಡ್ರಿಲ್ ಮಷಿನನ್ನು ಚೀಲದಲ್ಲೇ ಬಿಟ್ಟು ಮೊದಲು ಸೋಫಾದಲ್ಲಿ ಕೂತುಕೊಳ್ಳಿ. ನಡುವೆ ಒಮ್ಮೆ, ಎರಡೂ ತುದಿಯಲ್ಲಿ ಒಮ್ಮೊಮ್ಮೆ. ಸ್ಪೀಕರ್‌ಗಳನ್ನು ಎರಡು ಸ್ಟೂಲಿನ ಮೇಲಿಟ್ಟು, ವೈರು ನೆಲದ ಮೇಲೇ ಹರಿದಾಡಲಿ, ಮನೆಯವರಿಗೆ ಅವರಿಗೆ ಗೊತ್ತಿರುವ ಸಿನಿಮಾ ತೋರಿಸಿ. ಸೋಫಾವನ್ನು ನಾಲ್ಕಡಿ ಮುಂದಕ್ಕೆ ಎಳೆಯಲು ಜಾಗವಿದ್ದರೆ ಹಿಂದಿನ ಜೋಡಿ ಹಾಕಿ. ಇಲ್ಲದಿದ್ದರೆ ಮೊದಲಿನ ಐದನ್ನು ಕಿವಿಯ ಮಟ್ಟದಲ್ಲೇ ಬಿಟ್ಟು, ಹೆಚ್ಚಿನ ಎರಡನ್ನು ಚಾವಣಿಯಲ್ಲಿ, ಕೂತವರ ನೆತ್ತಿಗಿಂತ ತುಸು ಮುಂದಕ್ಕೆ ಕೂರಿಸಿ. ಅದಕ್ಕೂ ಅನುಕೂಲವಿಲ್ಲವೆಂದರೆ 'ನಿಮ್ಮ ಹಾಲಿಗೆ ಐದೇ ಸಾಕು' ಎಂದು ಹೇಳಿ. ಹಾಗೆ ಹೇಳುವವರಿಗೆ ನನ್ನ ಗುರುತಿನ ಹತ್ತು ಮನೆಗಳ ಕೆಲಸವನ್ನು ನಾನೇ ಕೊಡಿಸುತ್ತೇನೆ.

ನಮ್ಮ ಮನೆಯ ಎರಡನ್ನು ಇಳಿಸಲು ತಾವು ಯಾವಾಗ ಬರುತ್ತೀರಿ ಎಂದು ದಯವಿಟ್ಟು ತಿಳಿಸಿ. ಏಣಿ ನಮ್ಮಲ್ಲೇ ಇದೆ.

ಇಂತಿ ತಮ್ಮ ವಿಧೇಯ,
ಒಬ್ಬ ಗ್ರಾಹಕ